ತಿಂಗಳಿಗೆ 15 ಸಾವಿರ ‘ಬಾಡಿಗೆ ಪಾಲು’ ಅಂದ್ರೆ ಮೊದಲು ಈ ಲೆಕ್ಕ ಹಾಕಿ

ಪಾಡ್‌ಕಾಸ್ಟ್‌ನ ಲಿಖಿತ ರೂಪ

ನಾನು ಕಡೂರಿನವನು, ತೆಂಗಿನ ತೋಟದ ಮನೆ. ಹೋದ ತಿಂಗಳು ತರೀಕೆರೆಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. “ಅಣ್ಣ, ಅಪ್ಪ ರಿಟೈರ್ ಆದ ದುಡ್ಡಲ್ಲಿ 10 ಲಕ್ಷ ತೆಗೆದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗೆ ಹಾಕ್ತಾರಂತೆ. ನಾವು ಏನೂ ಮಾಡೋ ಹಂಗಿಲ್ಲ, ತಿಂಗಳಿಗೆ 15 ಸಾವಿರ ಗ್ಯಾರಂಟಿ ಅಂತೆ. ಹಾಕಬಹುದಾ?” ಅಂದ.

ಮಾರನೇ ದಿನವೇ ಅಜ್ಜಂಪುರದ ಗೆಳೆಯನೊಬ್ಬ ಅದೇ ಥರದ ವಾಟ್ಸ್‌ಆ್ಯಪ್ ಮೆಸೇಜ್ ಕಳಿಸಿದ. ಅವನ ಹತ್ತಿರ ಇದ್ದದ್ದು ಈರುಳ್ಳಿ ಮಾರಿದ ದುಡ್ಡು. ಹಾಗಾಗಿ ಇವತ್ತು ಇದರ ಬಗ್ಗೆಯೇ ಮಾತಾಡೋಣ ಅಂದ್ಕೊಂಡೆ.

ಏನಿದು ‘ಪಾಲು’?

ಅಮೆರಿಕದಲ್ಲಿ ಇದಕ್ಕೆ ರಿಯಲ್ ಎಸ್ಟೇಟ್ ಸಿಂಡಿಕೇಶನ್ ಅಂತಾರೆ. ಒಬ್ಬ ಮುಂದಾಳು ನೂರಾರು ಮನೆಗಳಿರೋ ಒಂದು ಇಡೀ ಕಟ್ಟಡ ಹುಡುಕ್ತಾನೆ, ಸಾಲ ತರ್ತಾನೆ, ನಡೆಸ್ತಾನೆ. ಉಳಿದವರು ದುಡ್ಡು ಹಾಕಿ ಸುಮ್ಮನಿರ್ತಾರೆ. ಬಾಡಿಗೆಯಲ್ಲಿ ಖರ್ಚು, ಸಾಲದ ಕಂತು ಎಲ್ಲ ಕಳೆದು ಉಳಿದದ್ದನ್ನು ಹಂಚ್ತಾರೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಅಡಿಕೆ ತೋಟ ಚೇಣಿಗೆ ಕೊಡಲ್ವಾ? ಮರ ಹತ್ತೋದು, ಕೊಯ್ಯೋದು, ಸುಲಿಯೋದು, ಬೇಯಿಸೋದು ಎಲ್ಲ ಚೇಣಿದಾರನ ತಲೆನೋವು. ತೋಟದವನು ದುಡ್ಡು ಎಣಿಸ್ಕೊಂಡು ಮನೇಲಿರ್ತಾನೆ. ಆದರೆ ಚೇಣಿದಾರ ದರ ಹೇಳೋಕೆ ಮುಂಚೆ ಏನು ಮಾಡ್ತಾನೆ? ತೋಟ ಸುತ್ತಿ, ತಲೆ ಎತ್ತಿ ಗೊನೆ ನೋಡ್ತಾನೆ. ಮರದಲ್ಲಿ ಇರೋದಕ್ಕಿಂತ ಹೆಚ್ಚು ಯಾರೂ ಕೊಡಲ್ಲ. ಕಟ್ಟಡದ ‘ಗೊನೆ’ ಅಂದ್ರೆ ಬಾಡಿಗೆ. ಅದನ್ನೇ ನೋಡೋಣ.

ಪೆನ್ನು ತಗೊಳ್ಳಿ

ಉದಾಹರಣೆಗೆ ಬೆಂಗಳೂರಲ್ಲಿ 80 ಲಕ್ಷದ ಒಂದು ಫ್ಲಾಟ್, ಬಾಡಿಗೆ 22 ಸಾವಿರ ಅಂತ ಇಟ್ಕೊಳ್ಳಿ. ವರ್ಷಕ್ಕೆ 2,64,000. ಒಂದು ತಿಂಗಳು ಖಾಲಿ ಬಿದ್ದರೆ 22 ಸಾವಿರ ಹೋಯ್ತು. ತೆರಿಗೆ, ಪೇಂಟ್, ರಿಪೇರಿ, ಬ್ರೋಕರ್ ಕಮಿಷನ್ ಅಂತ ಇನ್ನೊಂದು 30 ಸಾವಿರ. ಉಳಿದಿದ್ದು 2,12,000. ಅಂದ್ರೆ ನೂರು ರೂಪಾಯಿಗೆ ವರ್ಷಕ್ಕೆ 2 ರೂಪಾಯಿ 65 ಪೈಸೆ.

ಈ ಲೆಕ್ಕದಲ್ಲಿ ಚಿಕ್ಕಪ್ಪನ 10 ಲಕ್ಷಕ್ಕೆ ವರ್ಷಕ್ಕೆ 26,500. ತಿಂಗಳಿಗೆ ಸುಮಾರು 2,200 ರೂಪಾಯಿ. ಅವರು ಹೇಳಿದ್ದು 15 ಸಾವಿರ. ಹಾಗಾದ್ರೆ ಉಳಿದ 12,800 ಎಲ್ಲಿಂದ ಬರುತ್ತೆ?

ಮೂರೇ ದಾರಿ. ಒಂದು, ಫ್ಲಾಟಿನ ಬೆಲೆ ಏರಬೇಕು. ಏರಬಹುದು, ಆದ್ರೆ ಆ ದುಡ್ಡು ಕೈಗೆ ಸಿಗೋದು ಮಾರಿದ ದಿನ, ಪ್ರತಿ ತಿಂಗಳು 5ನೇ ತಾರೀಕಲ್ಲ. ಎರಡು, ಸಾಲ. ಬಾಡಿಗೆ ಹುಟ್ಟೋದು ನೂರಕ್ಕೆ ಎರಡೂವರೆ, ಬ್ಯಾಂಕ್ ಬಡ್ಡಿ ಅದರ ಮೂರು ಪಟ್ಟಿನ ಹತ್ತಿರ. ಸಾಲ ಮಾಡಿದಷ್ಟೂ ಲಾಭ ಕರಗುತ್ತೆ. ಮೂರನೇದು, ನಿಮ್ಮದೇ ದುಡ್ಡು, ಇಲ್ಲಾ ನಿಮ್ಮ ನಂತರ ಬಂದು ಸೇರಿದವರ ದುಡ್ಡು.

ಮೂರನೇದು ನನಗೆ ಚೆನ್ನಾಗಿ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರಿಚಯದವರು ನಡೆಸ್ತಿದ್ದ, ನೋಂದಣಿ ಇಲ್ಲದ ಒಂದು ಸ್ಕೀಮಿಗೆ 40 ಸಾವಿರ ಹಾಕಿದ್ದೆ. ಆರು ತಿಂಗಳು ಒಂದು ದಿನವೂ ತಪ್ಪದೆ ಎರಡೆರಡು ಸಾವಿರ ಬಂತು. ಖುಷಿಯಲ್ಲಿ ಇಬ್ಬರು ಗೆಳೆಯರನ್ನೂ ಸೇರಿಸಿದೆ. ಏಳನೇ ತಿಂಗಳು ಫೋನ್ ಸ್ವಿಚ್ ಆಫ್. ನನ್ನ ದುಡ್ಡು ಹೋಗಿದ್ದಕ್ಕಿಂತ ಆ ಇಬ್ಬರ ಮುಖ ನೋಡೋದು ಕಷ್ಟ ಆಯ್ತು.

ಅಮೆರಿಕದಲ್ಲಿ ನಡೆಯುತ್ತಲ್ಲ?

ನಡೆಯುತ್ತೆ, ಚೆನ್ನಾಗಿ ನಡೆದ ಉದಾಹರಣೆಗಳೂ ಇವೆ. ಆದರೆ ಅಲ್ಲೂ ಗ್ಯಾರಂಟಿ ಇಲ್ಲ. 2021ರ ಸುಮಾರಿಗೆ ಬಡ್ಡಿ ತೀರಾ ಕಮ್ಮಿ ಇತ್ತು. ಎಷ್ಟೋ ಮುಂದಾಳುಗಳು ದರ ಬದಲಾಗೋ ಸಾಲ ತಂದು ಕಟ್ಟಡ ಕೊಂಡರು. 2022ರ ಶುರುವಿನಲ್ಲಿ ಸೊನ್ನೆ ಹತ್ತಿರ ಇದ್ದ ಅಲ್ಲಿನ ಕೇಂದ್ರ ಬ್ಯಾಂಕಿನ ದರ 2023ರಲ್ಲಿ ಶೇ 5 ದಾಟಿತು. ಬಾಡಿಗೆ ಬಂದರೂ ಕಂತಿಗೆ ಸಾಲಲಿಲ್ಲ. ಆ ವರ್ಷ ಹ್ಯೂಸ್ಟನ್ ನಗರದಲ್ಲಿ ಒಂದೇ ಸಂಸ್ಥೆಯ ಮೂರು ಸಾವಿರಕ್ಕೂ ಹೆಚ್ಚು ಅಪಾರ್ಟ್‌ಮೆಂಟ್‌ಗಳು ಸಾಲದವರ ಪಾಲಾದವು. ಇಂಥ ಕಡೆ ಮೊದಲು ದುಡ್ಡು ಸಿಗೋದು ಸಾಲ ಕೊಟ್ಟವರಿಗೆ. ಪಾಲು ಹಾಕಿದವರು ಸಾಲಿನ ಕೊನೆಯಲ್ಲಿ ನಿಂತಿರ್ತಾರೆ.

ನಮ್ಮ ಕಾನೂನು ಏನು ಹೇಳುತ್ತೆ?

ಹಲವರ ದುಡ್ಡು ಒಟ್ಟು ಮಾಡೋದು, ಲಾಭದ ಆಸೆಗೆ ಜನ ಹಾಕೋದು, ಬೇರೆಯವರು ಅದನ್ನ ನಡೆಸೋದು, ದಿನನಿತ್ಯದ ವ್ಯವಹಾರದಲ್ಲಿ ಹಾಕಿದವರ ಮಾತು ನಡೆಯದೇ ಇರೋದು. ಈ ನಾಲ್ಕೂ ಇದ್ದರೆ ಸೆಬಿ ಕಾಯ್ದೆಯ 11ಎಎ ಕಲಂ ಪ್ರಕಾರ ಅದು ಸಾಮೂಹಿಕ ಹೂಡಿಕೆ ಯೋಜನೆ ಆಗುತ್ತೆ. ಅದನ್ನು ನಡೆಸೋಕೆ ಸೆಬಿ ನೋಂದಣಿ ಬೇಕು. ‘ಕಂಪನಿ ರಿಜಿಸ್ಟರ್ ಆಗಿದೆ’, ‘ಜಿಎಸ್‌ಟಿ ನಂಬರ್ ಇದೆ’, ‘ಕಟ್ಟಡಕ್ಕೆ ರೇರಾ ಇದೆ’ ಅಂತಾರೆ. ಅವು ಯಾವುವೂ ಸೆಬಿ ನೋಂದಣಿ ಅಲ್ಲ.

ಹಾಗಾದ್ರೆ ಸರಿಯಾದ ದಾರಿ ಇಲ್ವಾ?

ಇದೆ, ಅದರ ಹೆಸರು ರೀಟ್. ಸೆಬಿ 2014ರಲ್ಲಿ ಇದಕ್ಕೆ ನಿಯಮ ತಂತು. ದೇಶದ ಮೊದಲ ರೀಟ್ ನಮ್ಮ ಬೆಂಗಳೂರಿನದ್ದೇ. ಎಂಬಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್ 1ರಂದು ಷೇರುಪೇಟೆಗೆ ಬಂತು. ಷೇರಿನ ಥರ ಡಿಮ್ಯಾಟ್ ಖಾತೆಯಲ್ಲಿ ಒಂದು ಯೂನಿಟ್ ಕೂಡ ಕೊಳ್ಳಬಹುದು, ಬೇಡವಾದ ದಿನ ಮಾರಬಹುದು. ಆಸ್ತಿಯಲ್ಲಿ ಕನಿಷ್ಠ ಶೇ 80 ಕಟ್ಟಿ ಮುಗಿದು ಆದಾಯ ಕೊಡ್ತಿರಬೇಕು. ಹಂಚಬಹುದಾದ ದುಡ್ಡಿನಲ್ಲಿ ಕನಿಷ್ಠ ಶೇ 90 ಹೂಡಿಕೆದಾರರಿಗೆ ಹೋಗಬೇಕು.

ಇನ್ನೊಂದು, 2024ರಲ್ಲಿ ಬಂದ ಸಣ್ಣ ರೀಟ್. 50 ಕೋಟಿಯಿಂದ 500 ಕೋಟಿವರೆಗಿನ ಆಸ್ತಿಗೆ. ಇಲ್ಲಿ ಕನಿಷ್ಠ ಹೂಡಿಕೆ 10 ಲಕ್ಷ, ಚಿಕ್ಕಪ್ಪನ ಕೈಲಿರೋ ಅಷ್ಟೇ ದುಡ್ಡು. ಇದರಲ್ಲಿ ಮೊದಲನೆಯದು 2024ರ ಡಿಸೆಂಬರ್‌ನಲ್ಲಿ ಪೇಟೆಗೆ ಬಂತು. ಅದೂ ಬೆಂಗಳೂರಿನ ಔಟರ್ ರಿಂಗ್ ರೋಡಿನ ಆಫೀಸ್ ಕಟ್ಟಡವೇ.

ಗಮನಿಸಿದ್ರಾ? ನಮ್ಮಲ್ಲಿ ರೀಟ್‌ಗಳು ಹೆಚ್ಚಾಗಿ ಆಫೀಸು, ಮಾಲ್ ಹಿಂದೆ ಹೋಗಿವೆ. ಕಾರಣ ನಾವು ಆಗಲೇ ಹಾಕಿದ ಲೆಕ್ಕ. ಮನೆ ಬಾಡಿಗೆಯಲ್ಲಿ ಹಂಚೋಕೆ ಅಷ್ಟು ದುಡ್ಡೇ ಹುಟ್ಟಲ್ಲ. ಹಾಗಂತ ರೀಟ್‌ನಲ್ಲಿ ಅಪಾಯ ಇಲ್ಲ ಅಂತ ನಾನು ಹೇಳ್ತಿಲ್ಲ. ಬಾಡಿಗೆದಾರ ಕಂಪನಿ ಖಾಲಿ ಮಾಡಿದ್ರೆ ಆದಾಯ ಇಳಿಯುತ್ತೆ, ಯೂನಿಟ್ ಬೆಲೆಯೂ ಏರಿಳಿಯುತ್ತೆ. ಆದ್ರೆ ಅಲ್ಲಿ ಲೆಕ್ಕ ಎಲ್ಲರ ಕಣ್ಣೆದುರು ಇರುತ್ತೆ.

ಕೇಳಬೇಕಾದ್ದು ಮೂರು

ತಮ್ಮನಿಗೆ ಮೂರು ಪ್ರಶ್ನೆ ಕೊಟ್ಟು ಕಳಿಸಿದೆ. ಸೆಬಿ ನೋಂದಣಿ ಸಂಖ್ಯೆ ಎಷ್ಟು? ಅದನ್ನ ಸೆಬಿ ವೆಬ್‌ಸೈಟ್‌ನಲ್ಲಿ ನಾವೇ ನೋಡಬೇಕು, ಅವರು ಕಳಿಸೋ ಫೋಟೋ ಸಾಲದು. ಕಟ್ಟಡ ಯಾರ ಹೆಸರಲ್ಲಿದೆ, ಮೇಲೆ ಸಾಲ ಎಷ್ಟಿದೆ? ಋಣಭಾರ ಪತ್ರ, ಅಂದ್ರೆ ಇಸಿ ತೋರಿಸಲಿ. ಹೋದ ವರ್ಷ ಬಂದ ಬಾಡಿಗೆ ಎಷ್ಟು, ಬಾಡಿಗೆ ಕರಾರು ಎಲ್ಲಿ?

ಉತ್ತರವಾಗಿ ಒಂದೇ ಮೆಸೇಜ್ ಬಂತು: “ಆಫರ್ ಭಾನುವಾರಕ್ಕೆ ಮುಗಿಯುತ್ತೆ ಸರ್.”

ಚಿಕ್ಕಪ್ಪ ಸದ್ಯಕ್ಕೆ ದುಡ್ಡು ಬ್ಯಾಂಕಲ್ಲಿ ಎಫ್‌ಡಿ ಇಟ್ಟಿದ್ದಾರೆ. ನನ್ನ ಮೇಲೆ ಸ್ವಲ್ಪ ಬೇಜಾರೂ ಇದೆ. ಯಾಕಂದ್ರೆ ಪಕ್ಕದ ಮನೆಯವರು ಹಾಕಿದ್ದಾರೆ, ಮೂರು ತಿಂಗಳಿಂದ 15 ಸಾವಿರ ಬರ್ತಾನೂ ಇದೆ. “ನೋಡೋ, ಅವರಿಗೆ ಬರ್ತಿದೆಯಲ್ಲೋ” ಅಂತಾರೆ. ನನಗೂ ಆರು ತಿಂಗಳು ಬಂದಿತ್ತು ಚಿಕ್ಕಪ್ಪ ಅಂದೆ. ಅಡಿಕೆ ತೋಟದವರಿಗೆ ನಾನು ಹೇಳಿಕೊಡಬೇಕಾ? ಗೊನೆ ನೋಡದೆ ಚೇಣಿ ಮಾತಾಡೋರು ಯಾರಿದ್ದಾರೆ!

ನಿಮ್ಮ ಮನೆಯಲ್ಲೂ ಯಾರಾದ್ರೂ ಇಂಥ ಮೀಟಿಂಗ್‌ಗೆ ಹೋಗಿ ಬಂದಿದ್ರೆ, ಬೈಬೇಡಿ. ಪಕ್ಕದಲ್ಲಿ ಕೂತು ಈ ಬಾಡಿಗೆ ಲೆಕ್ಕ ಒಂದು ಸಲ ಅವರ ಕೈಯಿಂದಲೇ ಹಾಕಿಸಿ. ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿ ಮೋಸ ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.