ಗಾಂಜಾ: ತಲೆಯೊಳಗಿನ ಕಳ್ಳ ನೀರುಗಂಟಿ

ಗಾಂಜಾ ಕೆಟ್ಟದ್ದು ಅಂತ ಎಲ್ಲರೂ ಹೇಳುತ್ತಾರೆ. ಯಾಕೆ ಕೆಟ್ಟದ್ದು ಅಂತ ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ "ಒಂದ್ ಸಲ ಸೇದಿದ್ರೆ ಏನೂ ಆಗಲ್ಲ ಬಿಡು ಮಗಾ" ಅಂತ ಯಾರಾದರೂ ಅಂದಾಗ ನಮ್ಮ ಬಾಯಲ್ಲಿ ಉತ್ತರ ಇರುವುದಿಲ್ಲ. ಆ ಒಂದು ಸಲಕ್ಕೆ ಮೆದುಳಿನಲ್ಲಿ ಏನಾಗುತ್ತದೆ ಎಂದು ತಿಳಿಯೋಣ.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತದೆ, ಕೆರೆಯ ನೀರು ತೂಬಿನಿಂದ ಗದ್ದೆಗೆ ಹರಿದ ಹಾಗೆ. ಗದ್ದೆ ತುಂಬಿದರೆ ನೀರುಗಂಟಿ ತೂಬು ಮುಚ್ಚುತ್ತಾನಲ್ಲವೇ? ಮೆದುಳಿನಲ್ಲೂ ಸುದ್ದಿ ಪಡೆದ ಕೋಶವೇ "ಸಾಕು, ನಿಲ್ಲಿಸು" ಎಂದು ಹಿಂದಕ್ಕೆ ಒಂದು ರಾಸಾಯನಿಕ ಕಳಿಸುತ್ತದೆ. ಇಂಥದ್ದೊಂದನ್ನು 1992ರಲ್ಲಿ ಇಸ್ರೇಲಿನ ವಿಜ್ಞಾನಿ ರಫೇಲ್ ಮೆಶೂಲಮ್ ಅವರ ತಂಡ ಕಂಡುಹಿಡಿಯಿತು. ಇಟ್ಟ ಹೆಸರು 'ಆನಂದಮೈಡ್'. ನಮ್ಮ 'ಆನಂದ' ಪದವೇ ಅದರಲ್ಲಿದೆ! ಇದು ತನ್ನ ಕೆಲಸ ಮುಗಿಸಿ ಬೇಗನೆ ಕರಗಿಹೋಗುತ್ತದೆ.

ಗಾಂಜಾ ಹೂವಿನ ಅಂಟಿನಲ್ಲಿ ಟಿ.ಎಚ್.ಸಿ. ಎಂಬ ವಸ್ತುವಿದೆ. ಮತ್ತೇರಿಸುವುದು ಮುಖ್ಯವಾಗಿ ಇದೇ. 1964ರಲ್ಲಿ ಇದನ್ನು ಶುದ್ಧವಾಗಿ ಬೇರ್ಪಡಿಸಿದವರೂ ಮೆಶೂಲಮ್ ಮತ್ತು ಅವರ ಜೊತೆಗಾರರೇ. ಆನಂದಮೈಡ್ ಕೂರುವ ಜಾಗದಲ್ಲೇ ಟಿ.ಎಚ್.ಸಿ. ಹೋಗಿ ಕೂರುತ್ತದೆ. ಆದರೆ ಇದು ಕಳ್ಳ ನೀರುಗಂಟಿ! ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನೋಡದೆ ತೂಬು ಮುಚ್ಚುತ್ತಾ ಹೋಗುತ್ತದೆ, ಬೇಗ ಕರಗುವುದೂ ಇಲ್ಲ. ಹೊಗೆ ಸೇದಿದರೆ ಕೆಲವೇ ನಿಮಿಷದಲ್ಲಿ ಮೆದುಳು ಮುಟ್ಟಿ ಕೆಲವು ಗಂಟೆ ಕಾಡುತ್ತದೆ. ತಿಂದರೆ, ಕುಡಿದರೆ ಅಮಲು ಏರಲು ಒಂದೆರಡು ಗಂಟೆಯೂ ಆಗಬಹುದು. "ಏನೂ ಆಗ್ಲಿಲ್ಲ" ಅಂತ ಮತ್ತೆ ತಿಂದವರು ಆಮೇಲೆ ಒದ್ದಾಡುತ್ತಾರೆ.

ಈಗ ಒಂದೊಂದು ಜಾಗದಲ್ಲಿ ಆಗುವುದನ್ನು ನೋಡಿ:

1. ನೆನಪಿನ ಜಾಗ: ಹೊಸ ವಿಷಯ ನಿಲ್ಲುವುದಿಲ್ಲ. ಲೆಕ್ಕದ ಎರಡನೇ ಹಂತಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

2. ಹಿಮ್ಮೆದುಳು: ಕೈ, ಕಣ್ಣು, ಕಾಲುಗಳ ಹೊಂದಾಣಿಕೆ ತಪ್ಪುತ್ತದೆ. ಚನ್ನಪಟ್ಟಣದಲ್ಲಿ ಲೇತಿನ ಮೇಲೆ ಬೊಂಬೆ ಕಡೆಯುವವರ ಉಳಿ ಒಂದು ಕೂದಲೆಳೆ ಜಾರಿದರೆ ಬೊಂಬೆ ಕೆಟ್ಟಿತು, ಬೆರಳೂ ಹೋದೀತು.

3. ಮುಮ್ಮೆದುಳು: ತೀರ್ಮಾನ ತಪ್ಪುತ್ತದೆ. ಹೊತ್ತು ಉದ್ದವಾದಂತೆ ಅನಿಸುತ್ತದೆ, ಐದು ನಿಮಿಷ ಹತ್ತಾಗಿ ಕಾಣುತ್ತದೆ.

4. ಭಯದ ಜಾಗ: ಕೆಲವರಿಗೆ ನಗು, ಕೆಲವರಿಗೆ ವಿಪರೀತ ಹೆದರಿಕೆ. ಎದೆ ಡವಡವ ಎನ್ನುತ್ತದೆ, ಯಾರೋ ಹಿಡಿಯಲು ಬಂದಂತೆ ಅನುಮಾನ. ಇಲ್ಲದ ದನಿ ಕೇಳುವುದೂ ಉಂಟು.

ಹಾಗಾದರೆ ಖುಷಿ ಎಲ್ಲಿಂದ? ಮೆದುಳಿನಲ್ಲಿ 'ಬೇಡ' ಎಂದು ತಡೆಯುವ ಕೋಶಗಳೂ ಇವೆ. ಅವುಗಳ ತೂಬೂ ಮುಚ್ಚುವುದರಿಂದ ಡೋಪಮಿನ್ ಎಂಬ ವಸ್ತು ಹೆಚ್ಚುತ್ತದೆ. ಖುಷಿಗೆ ಇದೂ ಒಂದು ಕಾರಣ. ಅಂದರೆ ಸಂತೋಷಪಡುವಂಥದ್ದು ಏನೂ ನಡೆಯದೆಯೇ ಬಂದ ಸಂತೋಷ!

"ಸಾಧುಗಳೇ ಸೇದ್ತಾರಲ್ಲ?" ಅಂತ ಕೇಳುವವರಿದ್ದಾರೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದ ಕೊಡುವ ಪದ್ಧತಿಯ ಬಗ್ಗೆ 2020ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅವರ ಭಕ್ತಿಯನ್ನು ನಾವು ಹೀಯಾಳಿಸುವುದು ಬೇಡ. ಆದರೆ ಟಿ.ಎಚ್.ಸಿ.ಗೆ ಭಕ್ತ ಯಾರು, ಪುಂಡ ಯಾರು ಎಂಬುದು ಗೊತ್ತಿಲ್ಲ. ಅದರಲ್ಲೂ ನಮ್ಮ ವಯಸ್ಸಿನವರ ಮುಮ್ಮೆದುಳು ಇನ್ನೂ ಬಲಿಯುತ್ತಿದೆ. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಆಗಬೇಕು.

"ಗಾಂಜಾದಿಂದ ಯಾರೂ ಸಾಯಲ್ಲ" ಎಂಬ ಮಾತೂ ಇದೆ. ಉಸಿರಾಟ ನಡೆಸುವ ಭಾಗದಲ್ಲಿ ಟಿ.ಎಚ್.ಸಿ. ಕೂರುವ ಜಾಗಗಳು ಕಡಿಮೆ. ಆದ್ದರಿಂದ ಅಫೀಮಿನಂತೆ ಇದು ಉಸಿರು ನಿಲ್ಲಿಸುವುದು ಅಪರೂಪ, ನಿಜ. ಆದರೆ ಅದೇ ಮನುಷ್ಯ ಕನಕಪುರ ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ಬೈಕು ಹತ್ತಿದರೆ? ಎದುರಿಗೆ ಲಾರಿ ಬಂದಾಗ ಬ್ರೇಕು ಒತ್ತುವುದು ತಡವಾಗುತ್ತದೆ. ತೀರ್ಮಾನ ಮಾಡುವ ಭಾಗವೇ ಮಂಕಾಗಿರುವುದರಿಂದ "ನಾನು ಸರಿಯಾಗೇ ಇದೀನಿ" ಅನ್ನುತ್ತಾನೆ. ಅವನ ಹಿಂದೆ ಕೂತವನ ಗತಿ?

ಯಾರಾದರೂ ಹೀಗೆ ಒದ್ದಾಡುತ್ತಿದ್ದರೆ ನಗಬೇಡಿ, ಬಿಟ್ಟು ಓಡಬೇಡಿ. ಗದ್ದಲವಿಲ್ಲದ ಕಡೆ ಕೂರಿಸಿ, ಧೈರ್ಯ ಹೇಳಿ, ಗಾಡಿಯ ಕೀಲಿ ತೆಗೆದಿಟ್ಟುಕೊಳ್ಳಿ, ದೊಡ್ಡವರನ್ನು ಕರೆಯಿರಿ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಚಟ ಬಿಡಬೇಕೆನ್ನುವವರು, ಅವರ ಮನೆಯವರು 14416ಕ್ಕೆ ಫೋನ್ ಮಾಡಿ ಮಾತಾಡಬಹುದು. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸೇವೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಬೆಳೆಯುವುದು, ಮಾರುವುದು, ಇಟ್ಟುಕೊಳ್ಳುವುದು, ಸೇದುವುದು ಎಲ್ಲವೂ ಅಪರಾಧ. ಪೊಲೀಸರ ಭಯ ಒಂದು ಕಡೆ ಇರಲಿ. ನಮ್ಮ ಮೆದುಳಿನ ತೂಬಿನ ಕೀಲಿ ನಮ್ಮ ಕೈಯಲ್ಲೇ ಇರಲಿ. "ಒಂದ್ ಸಲ" ಅಂತ ಕರೆದವರಿಗೆ "ಬೇಡ ಕಣಣ್ಣ" ಅನ್ನೋಣ, ಯಾಕೆ ಅಂತಲೂ ಹೇಳೋಣ.