ಸಿಗ್ನಲ್‌ಗೆ ಬೆಲೆ ಕಟ್ಟಿದವರು

ಫೋನ್ ಸಿಗ್ನಲ್ಲು ಯಾವ ಕಂಪನಿಗೆ ಅಂತ
ಲಾಟರಿ ಎತ್ತಿದ್ರೆ ಹೇಗಿರುತ್ತೆ?

ಅಮೆರಿಕದಲ್ಲಿ ಎತ್ತಿದ್ರು. ನಿಜವಾಗ್ಲೂ!
1989ರಲ್ಲಿ ಕೇಪ್ ಕಾಡ್ ಪ್ರದೇಶದ ಲೈಸೆನ್ಸು
ಯಾರಿಗೆ ಹೋಯ್ತು ಗೊತ್ತಾ?
ಹಲ್ಲಿನ ಡಾಕ್ಟರುಗಳ ಒಂದು ಗುಂಪಿಗೆ.
ಟವರ್ ಹಾಕಿದ್ರಾ? ಎಲ್ಲಿ ಬಂತು!
ಫೋನ್ ಕಂಪನಿಗೆ ಮಾರಿದ್ರು,
4 ಕೋಟಿ 10 ಲಕ್ಷ ಡಾಲರ್‌ಗೆ.

ಹರಾಜು ಹಾಕ್ರಪ್ಪಾ ಅಂತ
ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್
1959ರಲ್ಲೇ ಹೇಳಿದ್ರು.
ಅಧಿಕಾರಿಗಳಿಗೆ ಅದು ತಮಾಷೆ ಅನ್ನಿಸ್ತು.

ಆದ್ರೆ ಹರಾಜೂ ಸುಲಭ ಅಲ್ಲ.
ಎಡಗಾಲಿನ ಚಪ್ಪಲಿ ಇವತ್ತು,
ಬಲಗಾಲಿಂದು ನಾಳೆ ಹರಾಜಾದ್ರೆ
ಧೈರ್ಯವಾಗಿ ಯಾರು ಕೂಗ್ತಾರೆ?
ಪಕ್ಕಪಕ್ಕದ ಊರುಗಳ ಸಿಗ್ನಲ್ ಲೈಸೆನ್ಸೂ ಹಾಗೇ. ಜೋಡಿ ಬೇಕು.

ಅದಕ್ಕೇ ಅರ್ಥಶಾಸ್ತ್ರಜ್ಞರಾದ ಪಾಲ್ ಮಿಲ್‌ಗ್ರಾಮ್, ರಾಬರ್ಟ್ ವಿಲ್ಸನ್
ಹೊಸ ನಿಯಮ ಬರೆದ್ರು.
ಎಲ್ಲಾ ಲೈಸೆನ್ಸೂ ಒಟ್ಟಿಗೇ ಹರಾಜು, ಸುತ್ತಿನ ಮೇಲೆ ಸುತ್ತು.
ಸುಮ್ನೆ ಕೂತು ನೋಡೋ ಹಾಗಿಲ್ಲ,
ಕೂಗದಿದ್ರೆ ಕೂಗೋ ಹಕ್ಕೇ ಕಡಿಮೆ ಆಗುತ್ತೆ.
1994ರಲ್ಲಿ ಜಾರಿಗೆ ಬಂತು.
2020ರಲ್ಲಿ ಇಬ್ಬರಿಗೂ ನೊಬೆಲ್!

ನಮ್ಮಲ್ಲಿ 2010ರ 3ಜಿ ಹರಾಜೂ ಸುತ್ತುಗಳಲ್ಲೇ ನಡೀತು.
34 ದಿನ, 183 ಸುತ್ತು.
ಸರ್ಕಾರಕ್ಕೆ 67 ಸಾವಿರ ಕೋಟಿಗೂ ಹೆಚ್ಚು.
ದುಡ್ಡೇನೋ ಬಂತು,
ಕಂಪನಿಗಳ ತಲೆ ಮೇಲೆ ಸಾಲ ಕೂತಿತಲ್ಲ?
ಆ ವಿಷಯಕ್ಕೆ ಅರ್ಥಶಾಸ್ತ್ರಜ್ಞರಲ್ಲೇ
ಇನ್ನೂ ಜಗಳ ಮುಗಿದಿಲ್ಲ.