ಹಳೆಯ ಜೀಪಿನ ನಡುಕವೂ ಅದರ ನಿದಾನವೂ

ವೈದ್ಯಶಾಸ್ತ್ರದಲ್ಲಿ ನಿದಾನ ಮೊದಲು, ಚಿಕಿತ್ಸೆ ತರುವಾಯ. ರೋಗದ ಮೂಲವನ್ನು ಅರಿಯದೆ ಔಷಧವನ್ನು ಕೊಡತಕ್ಕವನನ್ನು ವೈದ್ಯನೆಂದು ನಾವು ಒಪ್ಪುವುದಿಲ್ಲ. ಆದರೆ ನಮ್ಮ ಮೋಟಾರು ಗಾಡಿಗಳ ವಿಷಯದಲ್ಲಿ ಈ ನಿಯಮವನ್ನು ನಾವೇ ಮರೆತುಬಿಡುತ್ತೇವೆ. ನಿನ್ನೆಯವರೆಗೆ ಸರಿಯಾಗಿ ಓಡುತ್ತಿದ್ದ ಜೀಪು ಇಂದು ಇದ್ದಕ್ಕಿದ್ದಂತೆ ನಡುಗತೊಡಗಿದರೆ, ಒಬ್ಬರು ಟೈರು ಬದಲಿಸಿರೆನ್ನುತ್ತಾರೆ, ಇನ್ನೊಬ್ಬರು ಬೇರಿಂಗು ಬದಲಿಸಿರೆನ್ನುತ್ತಾರೆ. ಎಲ್ಲರ ಮಾತನ್ನೂ ನಡೆಸಿದ ಮೇಲೆ ಹಣ ಕರಗಿರುತ್ತದೆ, ನಡುಕ ಮಾತ್ರ ಉಳಿದಿರುತ್ತದೆ. ನಾಲ್ಕು ಗಾಲಿಗಳಿಗೂ ಎಂಜಿನಿನ ಬಲ ಹಾಯತಕ್ಕ ಹಳೆಯ ಗಾಡಿಯಲ್ಲಿ ಇಂತಹ ನಡುಕದ ಮೂಲವನ್ನು ಕಂಡುಹಿಡಿಯುವ ಕ್ರಮವೇನೆಂಬುದನ್ನು ಈಗ ವಿಚಾರಮಾಡೋಣ.

ಈ ವಿಷಯ ಉತ್ತರ ಕನ್ನಡದ ಕರಾವಳಿಯವರಿಗೆ ಬಹಳ ಹತ್ತಿರದ್ದು. ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳೂ ಸಮುದ್ರಕ್ಕೂ ಸಹ್ಯಾದ್ರಿಗೂ ನಡುವಣ ಕಿರಿದಾದ ಪಟ್ಟಿಯಲ್ಲಿವೆ. ಮೂರನ್ನೂ ಹೊಲಿದ ದಾರದಂತೆ, ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66ನೆಯದಾಗಿರುವ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಮೂಡಲಿಗೆ ತಿರುಗಿದರೆ ಕೋಗಾರು, ಗೇರುಸೊಪ್ಪೆ, ದೇವಿಮನೆಯ ಘಟ್ಟಗಳು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿನ ವಂಶದ ಗಾಡಿಗಳು ಇಂತಹ ಸೀಮೆಗೆ ಒಗ್ಗಿಕೊಂಡದ್ದು ಆಶ್ಚರ್ಯವಲ್ಲ. ಅಡಿಕೆಯ ಚೀಲವನ್ನೂ, ಗೊಬ್ಬರವನ್ನೂ, ಆಸ್ಪತ್ರೆಗೆ ಹೋಗತಕ್ಕ ರೋಗಿಯನ್ನೂ ಹೊತ್ತು ಬೇರೆ ಗಾಡಿಗಳು ಹೋಗದ ದಾರಿಯಲ್ಲಿ ಅವು ಹೋಗುತ್ತವೆ. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆ, ಗಜನಿ ಗದ್ದೆಗಳ ಉಪ್ಪುನೀರು, ಚಿರೆಕಲ್ಲಿನ ಕೆಂಪು ಕೆಸರು, ಹೊಂಡಬಿದ್ದ ದಾರಿ ಇವು ನಾಲ್ಕೂ ಕೂಡಿ ಯಂತ್ರವನ್ನು ಸವೆಯಿಸುತ್ತವೆ. ಬೆಳಿಗ್ಗೆ ಕೆಸರಿನಲ್ಲಿ ತೆವಳಿದ ಜೀಪು ಮಧ್ಯಾಹ್ನ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ದೋಷವು ನಡುಕದ ರೂಪದಲ್ಲಿ ಹೊರಬೀಳುತ್ತದೆ.

ನಡುಕ ಕಂಡೊಡನೆ ಮಾಡತಕ್ಕ ಮೊದಲನೆಯ ಕೆಲಸ ವಿಚಾರವಲ್ಲ, ನಿಲ್ಲುವುದು. ಮೆಲ್ಲಮೆಲ್ಲನೆ ವೇಗವನ್ನು ತಗ್ಗಿಸಿ, ಸಮತಟ್ಟಾದ ಜಾಗದಲ್ಲಿ ರಸ್ತೆಯ ಅಂಚಿಗೆ ಸರಿದು, ಗಾಲಿಗೆ ಕಲ್ಲು ಕೊಟ್ಟು, ನಾಲ್ಕು ಗಾಲಿಗಳ ನಟ್ಟುಗಳನ್ನೂ ಪಾನದಿಂದ ಮುಟ್ಟಿ ನೋಡಬೇಕು. ಸಡಿಲವಾದ ನಟ್ಟು ಮೊದಲು ನಡುಕವನ್ನು ತೋರಿಸುತ್ತದೆ. ಅದನ್ನು ಅಲಕ್ಷಿಸಿದರೆ ಗಾಲಿಯೇ ಕಳಚಿಕೊಂಡು ಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ನೆನಪಿಡಬೇಕು. ಹಳೆಯ ವಿಲ್ಲೀಸ್ ಮಾದರಿಯ ಗಾಡಿಗಳಲ್ಲಿ ಎಡಪಕ್ಕದ ಗಾಲಿಗಳ ನಟ್ಟುಗಳು ಎಡಸುತ್ತಿನವಾಗಿರುತ್ತವೆ. ಅರಿಯದವನು ಬಿಗಿಮಾಡುತ್ತೇನೆಂದು ಅವನ್ನು ಸಡಿಲಿಸಿಬಿಡುವುದುಂಟು. ತರುವಾಯ ಬಗ್ಗಿ ಗಾಡಿಯ ಅಡಿಯನ್ನು ನೋಡಬೇಕು. ಎಂಜಿನಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟುಗಳ ಬೋಲ್ಟುಗಳು ಸ್ಥಾನದಲ್ಲಿವೆಯೇ? ಓಡುತ್ತಿರುವಾಗ ಶಾಫ್ಟಿನ ಮುಂದಿನ ತುದಿ ಕಳಚಿ ನೆಲಕ್ಕೆ ನಾಟಿಕೊಂಡರೆ ಗಾಡಿಯನ್ನೇ ಎತ್ತಿಹಾಕಬಲ್ಲುದು. ಇವುಗಳಲ್ಲಿ ಯಾವುದಾದರೂ ಸಡಿಲವಾಗಿದ್ದರೆ ಅದನ್ನು ಭದ್ರಪಡಿಸದೆ ಒಂದು ಮಾರು ದೂರವೂ ಮುಂದೆ ಹೋಗಬಾರದು.

ಇಷ್ಟರಲ್ಲಿ ಅಪಾಯವಿಲ್ಲವೆಂದು ಕಂಡರೆ ನಿದಾನಕ್ಕೆ ತೊಡಗಬಹುದು. ಮೊದಲನೆಯ ಪ್ರಶ್ನೆ: ನಿನ್ನೆಗೂ ಇಂದಿಗೂ ನಡುವೆ ಏನು ಬದಲಾಯಿತು? ದೋಷ ಬಹುಕಾಲದಿಂದ ಬೆಳೆಯುತ್ತಿರಬಹುದು. ಆದರೂ ಇದ್ದಕ್ಕಿದ್ದಂತೆ ತೋರಿದ ನಡುಕದ ಹಿಂದೆ ಅನೇಕವೇಳೆ ಇದ್ದಕ್ಕಿದ್ದಂತೆ ನಡೆದ ಸಂಗತಿಯೊಂದಿರುತ್ತದೆ. ಹೊಳೆಯನ್ನು ದಾಟಿದಿರೋ, ದೊಡ್ಡ ಹೊಂಡಕ್ಕೆ ಗಾಲಿ ಬಿದ್ದಿತೋ, ಗಾಡಿ ರಿಪೇರಿಗೆ ಹೋಗಿ ಬಂದಿತೋ, ಮಿತಿಮೀರಿದ ಹೊರೆ ಹೇರಿದಿರೋ ಎಂಬುದನ್ನು ನೆನಪಿಸಿಕೊಂಡರೆ ಅರ್ಧ ನಿದಾನ ಆದಂತೆಯೆ.

ಒಂದು ಉದಾಹರಣೆಯನ್ನು ಕೊಡೋಣ. ಗಾಲಿಯ ಲೋಹದ ಬಳೆಯ ಒಳಮೈಗೆ ಒಂದೇ ಕಡೆ 100 ಗ್ರಾಮು ಕೆಸರು ಮೆತ್ತಿ ಒಣಗಿದೆಯೆನ್ನಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದು ಸುಮಾರು 4 ಕಿಲೋಗ್ರಾಮು ತೂಕದಷ್ಟು ಬಲದಿಂದ ಗಾಲಿಯನ್ನು ಹೊರಕ್ಕೆ ಎಳೆಯುತ್ತದೆ. ಅದೂ ಸುತ್ತುಸುತ್ತಿಗೂ ಬೇರೆ ಬೇರೆ ದಿಕ್ಕಿಗೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಈ ಎಳೆತ ಕಾಲುಭಾಗಕ್ಕೆ ಇಳಿಯುತ್ತದೆ. ಆದಕಾರಣವೇ ತೋಟದ ದಾರಿಯಲ್ಲಿ ಕಾಣದ ನಡುಕ ಹೆದ್ದಾರಿಯಲ್ಲಿ ಕಾಣುತ್ತದೆ. ಇದಕ್ಕೆ ಬೇಕಾದ ಔಷಧ ಒಂದು ಕೊಡ ನೀರು, ಒಂದು ಕಡ್ಡಿ. ಗಾಲಿಗಳ ಒಳಮೈಯನ್ನು ತೊಳೆಯದೆ ಯಾವ ಭಾಗವನ್ನೂ ಕೊಳ್ಳಬಾರದು. ತೊಳೆಯುವಾಗಲೇ ಟೈರನ್ನೂ ಕೈಯಿಂದ ಸವರಿ ನೋಡಬೇಕು. ಉಬ್ಬಿದ ಗಂಟು ಕೈಗೆ ಸಿಕ್ಕಿದರೆ ಒಳಗಿನ ಪದರ ಬಿಟ್ಟಿದೆಯೆಂದು ಅರ್ಥ. ಆ ಟೈರು ಮತ್ತೆ ರಸ್ತೆಗೆ ಯೋಗ್ಯವಲ್ಲ.

ಎರಡನೆಯ ಪ್ರಶ್ನೆ: ನಡುಕವು ಯಾವುದನ್ನು ಅನುಸರಿಸುತ್ತದೆ? ತಿರುಗತಕ್ಕ ಪ್ರತಿಯೊಂದು ಭಾಗಕ್ಕೂ ತನ್ನದೇ ಆದ ಲಯವಿದೆ. ಹಳೆಯ ಜೀಪಿನ 16 ಅಂಗುಲದ ಗಾಲಿಗೆ ಹಾಕುವ ಟೈರಿನ ಸುತ್ತಳತೆ ಸುಮಾರು ಎರಡೂಕಾಲು ಮೀಟರು. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಲಿ ಸೆಕೆಂಡಿಗೆ ಏಳೆಂಟು ಸುತ್ತು ತಿರುಗುತ್ತದೆ. ಕೆಲವು ಮಾದರಿಗಳಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು 5.38 ಸುತ್ತು ಬರುತ್ತದೆ; ಎಂದರೆ ಸೆಕೆಂಡಿಗೆ ಸುಮಾರು 40 ಸುತ್ತು. ಆದುದರಿಂದ ಗಾಲಿಯ ದೋಷ ತೊಟ್ಟಿಲು ಕುಲುಕಿದಂತೆ ದಪದಪನೆ ಬಡಿಯುತ್ತದೆ. ಶಾಫ್ಟಿನ ದೋಷ ದುಂಬಿಯ ಝೇಂಕಾರದಂತೆ ನೆಲಹಲಗೆಯಲ್ಲಿ ಗುಂಯ್‌ಗುಡುತ್ತದೆ. ಕಾಲಿಗೂ ಆಸನಕ್ಕೂ ತಿಳಿಯುವ ಈ ಭೇದವನ್ನು ಗುರುತಿಸಲು ಯಾವ ಉಪಕರಣವೂ ಬೇಡ.

ಎಂಜಿನನ್ನು ಬೇರ್ಪಡಿಸುವುದು ಇನ್ನೂ ಸುಲಭ. ಗಾಡಿ ನಿಂತಿರುವಾಗ ಗೇರನ್ನು ಬಿಡಿಸಿ ಎಂಜಿನಿನ ವೇಗವನ್ನು ಏರಿಸಿ ನೋಡಬೇಕು. ಆಗಲೂ ನಡುಕ ತೋರಿದರೆ ಗಾಲಿಯನ್ನೂ ಶಾಫ್ಟನ್ನೂ ದೂರಿ ಫಲವಿಲ್ಲ. ಎಂಜಿನನ್ನು ಹೊತ್ತ ರಬ್ಬರು ಹರಿದಿರಬಹುದು, ಫ್ಯಾನಿನ ಅಲಗು ಮುರಿದಿರಬಹುದು, ಒಂದು ಸಿಲಿಂಡರು ಕೆಲಸಮಾಡದೆ ಇರಬಹುದು. ನಿಂತಾಗ ಇಲ್ಲದೆ ಓಡುವಾಗ ಮಾತ್ರ ಇದ್ದರೆ, ನೇರವಾದ ಸಮತಟ್ಟು ರಸ್ತೆಯಲ್ಲಿ, ಹಿಂದೆಮುಂದೆ ವಾಹನಗಳಿಲ್ಲದಾಗ, ಕ್ಷಣಕಾಲ ಗೇರನ್ನು ಬಿಡಿಸಿ ನೋಡಬಹುದು. ನಡುಕ ಹಾಗೆಯೇ ಉಳಿದರೆ ಗಾಲಿಯಲ್ಲಿಯೋ ಶಾಫ್ಟಿನಲ್ಲಿಯೋ ದೋಷವಿದೆ. ಆದರೆ ದೇವಿಮನೆಯಂತಹ ಘಟ್ಟದ ಇಳಿಜಾರಿನಲ್ಲಿ ಈ ಪರೀಕ್ಷೆಯನ್ನು ಎಂದೆಂದಿಗೂ ಮಾಡಕೂಡದು. ಇಳಿಜಾರಿನಲ್ಲಿ ಗೇರು ಬಿಡಿಸಿದ ಗಾಡಿಯನ್ನು ತಡೆಯತಕ್ಕದ್ದು ಬ್ರೇಕು ಒಂದೇ. ಅದು ಕಾದು ಸೋತರೆ ಮುಂದಿನದು ದೈವಾಧೀನ.

ಬ್ರೇಕನ್ನು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡ್ರಮ್ಮು ಗುಂಡಗೆ ಉಳಿದಿಲ್ಲ, ಇಲ್ಲವೆ ಒಳಗೆ ತುಕ್ಕು ಕಟ್ಟಿದೆ. ಸ್ಟೀರಿಂಗು ಕೈಯಲ್ಲಿ ನಡುಗಿದರೆ ಮುಂದಿನ ಗಾಲಿಗಳ ಕಡೆಗೂ, ಆಸನದ ಅಡಿಯಲ್ಲಿ ನಡುಗಿದರೆ ಹಿಂಭಾಗದ ಕಡೆಗೂ ಮೊದಲು ನೋಡಬೇಕು. ಆಕ್ಸಿಲರೇಟರನ್ನು ಒತ್ತಿದಾಗ ಹೆಚ್ಚಿ, ಬಿಟ್ಟಾಗ ಕಡಮೆಯಾದರೆ ಶಾಫ್ಟಿನ ಕೀಲುಗಳ ಮೇಲೆಯೇ ಸಂಶಯ ಬರತಕ್ಕದ್ದು.

ಈ ಕೀಲುಗಳ ಗುಣವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಶಾಫ್ಟಿನ ಎರಡೂ ತುದಿಗಳಲ್ಲಿ ನಮ್ಮ ಗ್ಯಾರೇಜುಗಳಲ್ಲಿ ಕ್ರಾಸು ಎಂದು ಕರೆಯುವ, ಕೂಡಿಸುವ ಚಿಹ್ನೆಯ ಆಕಾರದ ಕೀಲು ಇರುತ್ತದೆ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೋ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಹುಕ್ ಇವರ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಬಾಗಿದ ಕೋನದಲ್ಲಿ ಬಲವನ್ನು ಸಾಗಿಸುವುದು ಇದರ ಗುಣ. ಆದರೆ ಒಂದು ಸುತ್ತಿನಲ್ಲಿ ಎರಡು ಸಲ ವೇಗವನ್ನು ಏರಿಸಿ ಎರಡು ಸಲ ಇಳಿಸುವುದು ಇದರ ದೋಷ. ಎರಡು ತುದಿಗಳ ಕೀಲುಗಳೂ ಒಂದೇ ನೇರಕ್ಕಿದ್ದು, ಎರಡರ ಕೋನವೂ ಸಮನಾಗಿದ್ದರೆ ಒಂದರ ದೋಷವನ್ನು ಮತ್ತೊಂದು ತಿದ್ದುತ್ತದೆ. ಶಾಫ್ಟಿನ ಜಾರುವ ಭಾಗವನ್ನು ಬಿಚ್ಚಿ ಮರಳಿ ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ಈ ಹೊಂದಾಣಿಕೆ ಕೆಡುತ್ತದೆ. ರಿಪೇರಿಯಿಂದ ಬಂದ ದಿನವೇ ನಡುಕ ಹುಟ್ಟಿದರೆ ಶಾಫ್ಟಿನ ಮೇಲಿನ ಬಾಣದ ಗುರುತುಗಳು ಒಂದನ್ನೊಂದು ನೋಡುತ್ತಿವೆಯೇ ಎಂದು ಪರೀಕ್ಷಿಸುವುದು ಮೊದಲಿನ ಕೆಲಸ. ಹಾಗೆಯೇ ಸ್ಪ್ರಿಂಗು ಪಟ್ಟಿಗಳ ನಡುವಿನ ಬೋಲ್ಟು ಮುರಿದರೆ ಆಕ್ಸಲು ತನ್ನ ಸ್ಥಾನದಿಂದ ಸರಿದು ಕೀಲುಗಳ ಕೋನ ಬದಲಾಗುತ್ತದೆ. ನೀರು ದಾಟಿದ ಮೇಲೆ ಗ್ರೀಸು ಹೊಡೆಯದಿದ್ದರೆ ಕ್ರಾಸಿನೊಳಗಿನ ಸೂಜಿಯಂತಹ ಬೇರಿಂಗುಗಳು ತುಕ್ಕುಹಿಡಿದು ಪುಡಿಯಾಗುತ್ತವೆ. ಕೀಲಿನ ಸುತ್ತ ಕಾಣುವ ಕೆಂಪು ಪುಡಿ ಇದರ ಸಾಕ್ಷಿ. ಶಾಫ್ಟನ್ನು ಕೈಯಿಂದ ಹಿಡಿದು ತಿರುಚಿ, ಮೇಲೆತ್ತಿ ನೋಡಿದರೆ ಸಡಿಲು ತಿಳಿಯುತ್ತದೆ.

ಎಲ್ಲ ಗಾಡಿಗಳಿಗೂ ಅನ್ವಯಿಸದೆ ಜೀಪಿಗೆ ವಿಶೇಷವಾದ ಮೂರು ಸಂಗತಿಗಳಿವೆ. ಮೊದಲನೆಯದು: ಮುಂದಿನ ಗಾಲಿಗಳನ್ನು ಬಿಡಿಸುವ ವಿಶೇಷ ಹಬ್ಬು ಇಲ್ಲದ ಗಾಡಿಯಲ್ಲಿ, ನಾಲ್ಕು ಗಾಲಿಯ ಲಿವರನ್ನು ಹಾಕದಿದ್ದರೂ ಮುಂದಿನ ಶಾಫ್ಟು ತಿರುಗುತ್ತಲೇ ಇರುತ್ತದೆ. ಅದರ ದೋಷವೂ ನಡುಕಕ್ಕೆ ಕಾರಣವಾಗಬಹುದು. ಅದನ್ನು ಬಿಚ್ಚಿಸಿ ಹಿಂದಿನ ಗಾಲಿಗಳ ಬಲದಿಂದಲೇ ಓಡಿಸಿ ನೋಡಿದಾಗ ನಡುಕ ನಿಂತರೆ ಕಳ್ಳ ಸಿಕ್ಕಿದನೆಂದೇ ತಿಳಿಯಬಹುದು. ಹಿಂದಿನ ಶಾಫ್ಟಿನ ಮಾತು ಬೇರೆ. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಕೈಬ್ರೇಕು ಗಾಲಿಯ ಮೇಲಲ್ಲ, ಈ ಶಾಫ್ಟಿನ ಮೇಲೆಯೇ ಕೆಲಸಮಾಡುತ್ತದೆ. ಗಾಲಿಗಳಿಗೆ ಕಲ್ಲು ಕೊಡದೆ ಅದನ್ನು ಬಿಚ್ಚಿದರೆ ಗಾಡಿ ಅಡಿಯಲ್ಲಿ ಮಲಗಿದವನ ಮೇಲೆಯೇ ಉರುಳಬಹುದು.

ಎರಡನೆಯದು: ಗಟ್ಟಿ ಒಣ ರಸ್ತೆಯಲ್ಲಿ ನಾಲ್ಕು ಗಾಲಿಯ ಲಿವರನ್ನು ಹಾಕಿಯೇ ಓಡಿಸುವುದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೂರವಾದ ದಾರಿಯನ್ನು ಕ್ರಮಿಸಬೇಕು. ಕೆಸರಿನಲ್ಲಿ ಗಾಲಿ ಜಾರಿ ಈ ವ್ಯತ್ಯಾಸ ತೀರುತ್ತದೆ. ಡಾಂಬರಿನ ಮೇಲೆ ತೀರಲಾರದೆ ಯಂತ್ರವೆಲ್ಲ ಹುರಿಗೊಂಡು ತಿರುವುಗಳಲ್ಲಿ ಗಾಡಿ ಕುಪ್ಪಳಿಸುತ್ತದೆ. ಇದು ರೋಗವಲ್ಲ, ಅಪಥ್ಯ. ಲಿವರನ್ನು ಬಿಡಿಸಿದರೆ ವಾಸಿ.

ಮೂರನೆಯದು ಅತ್ಯಂತ ಭಯಂಕರವಾದುದು. ಹೊಂಡಕ್ಕೆ ಬಿದ್ದೊಡನೆ ಮುಂದಿನ ಗಾಲಿಗಳೆರಡೂ ಹುಚ್ಚು ಹಿಡಿದಂತೆ ಎಡಬಲಕ್ಕೆ ಒದರಾಡುತ್ತ, ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುತ್ತವೆ. ಕಿಂಗ್‌ಪಿನ್ನಿನ ಬೇರಿಂಗು, ಟೈರಾಡಿನ ತುದಿಗಳು, ಸ್ಪ್ರಿಂಗಿನ ಬುಷ್ಷುಗಳು ಸವೆದಿರುವುದೇ ಇದರ ಸಾಮಾನ್ಯ ಕಾರಣ. ಹೊಂಡವು ಕೇವಲ ನೆಪ. ಆ ಸಮಯದಲ್ಲಿ ಸ್ಟೀರಿಂಗನ್ನು ಬಲವಾಗಿ ಹಿಡಿದು, ಆಕ್ಸಿಲರೇಟರನ್ನು ಬಿಟ್ಟು, ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. ನಡುಕ ನಿಂತಿತೆಂದು ಪ್ರಯಾಣವನ್ನು ಮುಂದುವರಿಸಬಾರದು. ಮುಂದಿನ ಗಾಲಿಯನ್ನು ಜಾಕಿಯಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಗಾಲಿಯ ಬೇರಿಂಗು, ಕಿಂಗ್‌ಪಿನ್ನುಗಳ ಸಡಿಲು ತಿಳಿಯುತ್ತದೆ. ಎಡಬಲಕ್ಕೆ ಹಿಡಿದು ಅಲುಗಿಸಿದರೆ ಟೈರಾಡಿನ ಸಡಿಲು ತಿಳಿಯುತ್ತದೆ.

ಈ ಪರೀಕ್ಷೆಗಳನ್ನೆಲ್ಲ ಮಾಡಿದ ಮೇಲೂ ರಿಪೇರಿಯ ಕೆಲಸ ಮೆಕ್ಯಾನಿಕ್ಕಿನದೇ. ಆದರೆ ಅವನೆದುರಿಗೆ ಹೋಗಿ "ಗಾಡಿ ನಡುಗುತ್ತದೆ" ಎನ್ನುವುದಕ್ಕೂ, "ಐವತ್ತರ ಮೇಲೆ ಮಾತ್ರ ನಡುಗುತ್ತದೆ, ನಿಂತಾಗ ಇಲ್ಲ, ಆಕ್ಸಿಲರೇಟರು ಬಿಟ್ಟರೆ ಕಡಮೆಯಾಗುತ್ತದೆ, ಮೊನ್ನೆ ಹೊಳೆ ದಾಟಿದ್ದೆವು" ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯ ಮಾತಿನಿಂದ ಅವನು ಊಹೆಮಾಡಬೇಕಾಗುತ್ತದೆ, ಎರಡನೆಯದರಿಂದ ನೇರವಾಗಿ ಶಾಫ್ಟಿನ ಕೀಲಿಗೆ ಕೈಹಾಕಬಲ್ಲನು. ಬಡ ಗೃಹಸ್ಥನಿಗೆ ಈ ಅಂತರವೇ ಹಣ. ಘಟ್ಟದ ತಿರುವಿನಲ್ಲಿ ಈ ಅಂತರವೇ ಪ್ರಾಣ. ನಿದಾನಕ್ಕೆ ನಿಧಾನ ಬೇಕೆಂಬುದನ್ನು ಮರೆಯದಿರೋಣ.